ಜಾಹೀರಾತು ನಮ್ಮನ್ನು ಒಪ್ಪಿಸುವುದು ಹೇಗೆ?

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ. ಅಂದು ಪಾಳಿಯಲ್ಲಿದ್ದು ಬರಲಾಗದವರ ಕೋರಿಕೆಯಂತೆ ಇಲ್ಲಿ ಅಚ್ಚು ಮಾಡಿದೆ.)



ಈ ಹೊತ್ತಿನ ವಿಷಯ ಜಾಹೀರಾತು ಎಂದು ಹಲಗೆಯ ಮೇಲೆ ಬರೆದದ್ದನ್ನು ಕಂಡು ಒಬ್ಬರು ಬಾಗಿಲಲ್ಲೇ ಕೇಳಿದರು: “ಮೇಷ್ಟ್ರೆ, ಬೋನಸ್ಸಿನ ಮಾತು ಬಿಟ್ಟು ಸಾಬೂನಿನ ಮಾತು ಯಾಕೆ?” ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೆ. ಗೇಟಿನೊಳಗೆ ಸಂಬಳಕ್ಕೆ ಹತ್ತು ರೂಪಾಯಿ ಸೇರಿಸಲು ನಾವು ವರ್ಷಗಟ್ಟಲೆ ಹೋರಾಡುತ್ತೇವೆ. ಗೇಟಿನ ಹೊರಗೆ ಒಂದು ಚಿತ್ರ, ಒಂದು ಹಾಡು, ಒಂದು ಮಾತು ಅದೇ ಹತ್ತು ರೂಪಾಯಿಯನ್ನು ನಮ್ಮ ಕೈಯಿಂದಲೇ ಬಿಡಿಸಿಕೊಂಡು ಹೋಗುತ್ತದೆ. ಅಷ್ಟೇ ಅಲ್ಲ, ಸಾಬೂನು ಮಾರುವ ಮಾತಿನ ಕಟ್ಟು ಹೇಗಿದೆಯೋ ನಮ್ಮ ಬೇಡಿಕೆಯನ್ನು ತಳ್ಳಿಹಾಕುವ ಮಾತಿನ ಕಟ್ಟೂ ಹಾಗೆಯೇ ಇದೆ. ಒಂದನ್ನು ಬಿಚ್ಚಿ ನೋಡಲು ಕಲಿತವನು ಇನ್ನೊಂದನ್ನೂ ಬಿಚ್ಚಬಲ್ಲ.

ನಾನು ಮೆಟ್ರಿಕ್ಕಿಗಿಂತ ಮುಂದೆ ಓದಿದವನಲ್ಲ. ಕೆಲವು ಕಾಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ, ಆಮೇಲೆ ಪಕ್ಷದ ಕೆಲಸಕ್ಕೆ ಬಂದೆ. ಆದುದರಿಂದ ದೊಡ್ಡ ಶಾಸ್ತ್ರದ ಮಾತಾಡುವುದಿಲ್ಲ. ಲೆಕ್ಕದ ಮೇಷ್ಟರ ರೀತಿಯಲ್ಲಿ ಒಂದೊಂದೇ ಉದಾಹರಣೆ ಹಲಗೆಯ ಮೇಲೆ ಹಾಕುತ್ತೇನೆ.

ಮೊದಲೇ ಒಂದು ಮಾತು. ಜಾಹೀರಾತೆಂದರೆ ಸುಳ್ಳು ಎಂದು ನಾವು ಬಾಯಿಮಾತಿಗೆ ಹೇಳುವುದುಂಟು. ಅದು ಸರಿಯಲ್ಲ. ಶುದ್ಧ ಸುಳ್ಳು ಹೇಳುವವನು ಬಡ ವ್ಯಾಪಾರಿ. ಒಂದು ದಿನ ಸಿಕ್ಕಿಬೀಳುತ್ತಾನೆ. ಪಳಗಿದವರು ಬೇರೆ ಕೆಲಸ ಮಾಡುತ್ತಾರೆ. ನಾವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಮ್ಮಲ್ಲಿ ಉತ್ತರ ಸಿದ್ಧವಿರುವ ಇನ್ನೊಂದು ಪ್ರಶ್ನೆಯನ್ನು ನಮ್ಮ ಬಾಯಲ್ಲಿ ಇಡುತ್ತಾರೆ. ಉತ್ತರ ನಿಜವೇ ಆಗಿರಬಹುದು. ಪ್ರಶ್ನೆ ಮಾತ್ರ ನಮ್ಮದಲ್ಲ. ಈ ಹೊತ್ತು ನಾನು ಹೇಳುವ ಎಲ್ಲದರ ಸಾರ ಇಷ್ಟೇ.

ಬೋರ್ಡಿನ ಮೇಲಿನ ಹೆಸರು

ವ್ಯಾಪಾರಸ್ಥ ಬಂಧುಗಳು ತಮ್ಮ ಬೀದಿಯ ಬೋರ್ಡುಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಲಿ. ಕಂಪನಿಯವರು ಪುಕ್ಕಟೆಯಾಗಿ ಬರೆಸಿಕೊಟ್ಟ ಬೋರ್ಡಿನಲ್ಲಿ ಕಂಪನಿಯ ಹೆಸರು ಮೊಳದುದ್ದ ಇರುತ್ತದೆ. ಅಂಗಡಿಯ ಹೆಸರು ಕೆಳಗೆ ಮೂಲೆಯಲ್ಲಿ, ಗೇಣುದ್ದ. ಬಾಡಿಗೆ ಕಟ್ಟುವವರು ನೀವು, ಮುಂಜಾನೆ ಕಸ ಗುಡಿಸುವವರು ನೀವು, ಉದ್ರಿ ಕೊಟ್ಟು ಕಾಯುವವರೂ ನೀವು. ಗೋಡೆ ಮಾತ್ರ ಅವರದಾಯಿತು.

ಇದರಲ್ಲಿ ನಷ್ಟವೇನು ಎಂದು ಕೇಳಬಹುದು. ಹಿಂದೆ ಗಿರಾಕಿ ಬಂದು, “ಅಣ್ಣಾ, ಒಳ್ಳೆಯ ಚಹಪುಡಿ ಕೊಡು” ಎನ್ನುತ್ತಿದ್ದ. ಯಾವುದು ಒಳ್ಳೆಯದು ಎಂದು ಹೇಳುವ ಮಾತು ಅಂಗಡಿಯವನದಾಗಿತ್ತು. ಆ ಮಾತಿನ ಬಲದಿಂದಲೇ ಸಗಟು ವ್ಯಾಪಾರಿಯ ಹತ್ತಿರ ಚೌಕಾಶಿ ಮಾಡುವ ಶಕ್ತಿ ಅವನಿಗಿತ್ತು. ನಿನ್ನ ಮಾಲು ಬೇಡ, ಇನ್ನೊಬ್ಬನದು ತರುತ್ತೇನೆ ಎನ್ನಬಹುದಿತ್ತು. ಈಗ ಗಿರಾಕಿ ಹೆಸರು ಹೇಳಿಯೇ ಕೇಳುತ್ತಾನೆ. ಇಲ್ಲವೆಂದರೆ ಪಕ್ಕದ ಅಂಗಡಿಗೆ ನಡೆಯುತ್ತಾನೆ. ಆದುದರಿಂದ ಕಂಪನಿ ಎಷ್ಟು ಕಮಿಷನ್ ಎಂದರೂ ಒಪ್ಪಿಕೊಂಡು ಮಾಲು ಇಡಲೇಬೇಕು. ಜಾಹೀರಾತು ಗಿರಾಕಿಯ ಮನಸ್ಸನ್ನು ಮಾತ್ರ ಹಿಡಿಯುವುದಿಲ್ಲ. ನಡುವೆ ಕುಳಿತ ಚಿಕ್ಕ ವ್ಯಾಪಾರಿಯ ಕೈಯನ್ನೂ ಕಟ್ಟುತ್ತದೆ. ಕಾರ್ಮಿಕನೂ ಅಂಗಡಿಯವನೂ ಇದನ್ನು ಒಂದೇ ಬೆಂಚಿನ ಮೇಲೆ ಕುಳಿತು ಕೇಳಬೇಕೆಂದು ನಾನು ಬಯಸಿದ್ದು ಈ ಕಾರಣಕ್ಕೆ.

ಪುಕ್ಕಟೆ ಚಹ

ಚಹದ ಮಾತು ಬಂದಿದೆಯಾದ್ದರಿಂದ ಅದರ ಕಥೆಯನ್ನೇ ನೋಡೋಣ. ಚಹ ಇಲ್ಲದೆ ಗಿರಣಿ ನಡೆಯದು ಎಂದು ನಾವು ತಿಳಿದಿದ್ದೇವೆ. ನೂರು ವರ್ಷಗಳ ಹಿಂದೆ ಈ ದೇಶದ ದುಡಿಯುವವರಲ್ಲಿ ಹೆಚ್ಚಿನವರಿಗೆ ಚಹದ ಅಭ್ಯಾಸವೇ ಇರಲಿಲ್ಲ. ಅಸ್ಸಾಮಿನಲ್ಲೂ ಡಾರ್ಜಿಲಿಂಗಿನಲ್ಲೂ ಬೆಳೆದ ಎಲೆ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. 1903ರಲ್ಲಿ ತೋಟದ ಮಾಲೀಕರ ಕೋರಿಕೆಯಂತೆಯೇ ಬ್ರಿಟಿಷ್ ಸರಕಾರ ಒಂದು ಕಾನೂನು ಮಾಡಿತು. ರಫ್ತಾಗುವ ಚಹದ ಮೇಲೆ ಒಂದು ಚಿಕ್ಕ ಕರ. ಆ ಹಣವೆಲ್ಲ ಚಹದ ಪ್ರಚಾರಕ್ಕೆ. ಆಮೇಲಿನ ವರ್ಷಗಳಲ್ಲಿ ಪ್ರಚಾರಕರು ಊರೂರಿಗೆ ಹೋಗಿ ಚಹ ಕಾಸುವ ಕ್ರಮ ತೋರಿಸಿದರು, ಪುಕ್ಕಟೆಯಾಗಿ ಕುಡಿಸಿದರು, ರೈಲು ನಿಲ್ದಾಣಗಳಲ್ಲಿ ದೇಶಭಾಷೆಗಳ ಫಲಕಗಳನ್ನು ಹಾಕಿದರು. ಕಾರ್ಖಾನೆ, ಕಲ್ಲಿದ್ದಲ ಗಣಿ, ಹತ್ತಿ ಗಿರಣಿಗಳಲ್ಲಿ ಚಹದ ಬಿಡುವು ಕೊಡಿರೆಂದು ಮಾಲೀಕರನ್ನು ಒಪ್ಪಿಸಿದರು. 1930ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆ ಕುಸಿದು ಪರದೇಶದಲ್ಲಿ ಬೆಲೆ ಬಿದ್ದಾಗ ಈ ಕೆಲಸ ಇನ್ನೂ ಜೋರಾಯಿತು.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಚಹದ ಬಿಡುವು ಕಾರ್ಮಿಕನಿಗೆ ಬೇಡವಾದದ್ದಲ್ಲ. ದಣಿದ ಮೈಗೆ ಹತ್ತು ನಿಮಿಷ ಸಿಕ್ಕಿತು. ಆದರೆ ಗೋಡೆಯ ಚಿತ್ರ ಹೇಳಿದ್ದು, ಚಹ ದಣಿವನ್ನು ಕಳೆಯುತ್ತದೆ ಎಂದು. ದಣಿವು ಏಕೆ ಬಂತು, ಪಾಳಿ ಎಷ್ಟು ಗಂಟೆಯದು ಎಂಬ ಪ್ರಶ್ನೆಯ ಜಾಗಕ್ಕೆ, ದಣಿವಿಗೆ ಏನು ಕುಡಿಯಬೇಕು ಎಂಬ ಪ್ರಶ್ನೆ ಬಂದು ಕುಳಿತಿತು.

ಇದಕ್ಕಿಂತ ಜಾಣತನದ್ದು 1947ರ ಒಂದು ಭಿತ್ತಿಚಿತ್ರ. ಅನ್ನದಾ ಮುನ್ಶಿ ಎಂಬ ಬಂಗಾಳದ ಕಲಾವಿದರು ಬರೆದದ್ದು. ಅದರಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಚರಕ, ಕೈಯಲ್ಲಿ ಚಹದ ಬಟ್ಟಲು. ಚಹ ನೂರಕ್ಕೆ ನೂರು ಸ್ವದೇಶಿ ಎಂಬುದು ಅದರ ಮಾತು. ಗಾಂಧೀಜಿಯವರು ಚಹವನ್ನು ಮೆಚ್ಚಿದವರಲ್ಲ. ಅವರ ಚರಕವನ್ನೇ ತಂದು ಚಹದ ಪಕ್ಕದಲ್ಲಿ ಇಟ್ಟರು! ಇದು ಸುಳ್ಳೆ? ಅಲ್ಲ. ಎಲೆ ನಮ್ಮ ನೆಲದ್ದು, ಕಿತ್ತ ಕೈ ನಮ್ಮ ಹೆಂಗಸರದು. ಆದರೆ ಅಂದು ತೋಟಗಳಲ್ಲಿ ಹೆಚ್ಚಿನವು ಯಾರ ಕೈಯಲ್ಲಿದ್ದವು? ಬ್ರಿಟಿಷ್ ಕಂಪನಿಗಳ ಕೈಯಲ್ಲಿ. “ಲಾಭ ಯಾರಿಗೆ?” ಎಂದು ಕೇಳಬೇಕಾದವನ ಬಾಯಲ್ಲಿ, “ಬೆಳೆದದ್ದು ಎಲ್ಲಿ?” ಎಂಬ ಪ್ರಶ್ನೆಯನ್ನು ಇಟ್ಟರು.

ಜನರು ಕಟ್ಟಿದ ಚಳವಳಿಯನ್ನು ಎರವಲು ಪಡೆಯುವ ಈ ವಿದ್ಯೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದು ಅವಮಾನವೆನಿಸಿದ್ದ ಕಾಲ. ಅರ್ಧದಷ್ಟು ಗಿರಾಕಿಗಳು ಕೈತಪ್ಪುತ್ತಿದ್ದಾರೆಂದು ಸಿಗರೇಟು ಕಂಪನಿಗೆ ಚಿಂತೆ. ಅದು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ನಿಪುಣನನ್ನು ಗೊತ್ತುಮಾಡಿತು. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಕೆಲವು ತರುಣಿಯರು ಸಿಗರೇಟು ಹಚ್ಚಿಕೊಂಡು ನಡೆದರು. ಇವು ಸಿಗರೇಟುಗಳಲ್ಲ, ಸ್ವಾತಂತ್ರ್ಯದ ಪಂಜುಗಳು ಎಂದು ಪತ್ರಿಕೆಗಳಿಗೆ ಸುದ್ದಿ ಹೋಯಿತು. ಮತದಾನದ ಹಕ್ಕಿಗಾಗಿ ಹೆಂಗಸರು ದಶಕಗಳ ಕಾಲ ಸಹಿಸಿದ ಪೆಟ್ಟು, ಜೈಲು, ಉಪವಾಸಗಳ ಫಲವಾದ ಆ ಶಬ್ದವನ್ನು ಕಂಪನಿ ಒಂದು ದಿನದಲ್ಲಿ ತನ್ನ ಪ್ಯಾಕಿಗೆ ಅಂಟಿಸಿಕೊಂಡಿತು. ನಮ್ಮದೇ ಶಬ್ದವನ್ನು ಯಾರಾದರೂ ನಮಗೆ ಮಾರಲು ತಂದಾಗ ಎರಡು ಸಲ ನೋಡಬೇಕು.

ಆದರೂ ಜನ ದಡ್ಡರಲ್ಲ ಎಂಬುದಕ್ಕೆ ಚಹದ ಕಥೆಯಲ್ಲೇ ಸಾಕ್ಷಿ ಇದೆ. ಪ್ರಚಾರಕರು ಹೇಳಿಕೊಟ್ಟ ಚಹದಲ್ಲಿ ಎಲೆ ಹೆಚ್ಚು, ಹಾಲು ಕಡಮೆ. ಬೀದಿಯ ಚಹದಂಗಡಿಯವರು ಅದನ್ನು ತಿರುವುಮುರುವು ಮಾಡಿದರು: ಹಾಲು ಸಕ್ಕರೆ ಹೆಚ್ಚು, ಶುಂಠಿ ಏಲಕ್ಕಿ ಹಾಕಿ, ಎಲೆ ಕಡಮೆ. ತೋಟದವರಿಗೆ ಇದು ಹಿಡಿಸಲಿಲ್ಲ, ಎಲೆ ಕಡಮೆ ಖರ್ಚಾಗುತ್ತದಲ್ಲ! ಆದರೆ ಉಳಿದದ್ದು ಬೀದಿಯವರ ಚಹವೇ.

ಲಲಿತಾಜಿಯ ಲೆಕ್ಕ

ಇನ್ನು ಸಾಬೂನಿನ ಪುಡಿಗೆ ಬರೋಣ. ಸರ್ಫ್ ಪುಡಿ ಹಿಂದೂಸ್ತಾನ್ ಲೀವರ್ ಕಂಪನಿಯದು, 1959ರಲ್ಲಿ ಇಲ್ಲಿಗೆ ಬಂದದ್ದು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ಎಂಬುವರು ಮನೆಯ ಹಿತ್ತಲಲ್ಲಿ ಪುಡಿ ಮಾಡಿ ಸೈಕಲ್ಲಿನ ಮೇಲೆ ಮನೆಮನೆಗೆ ಒಯ್ದು ಮಾರಿದರು. ಅದೇ ನಿರ್ಮಾ. ಬೆಲೆ ಸರ್ಫಿನ ಮೂರರಲ್ಲೊಂದು ಪಾಲು, ಇಲ್ಲವೆ ಇನ್ನೂ ಕಡಮೆ. ಕೆಲವೇ ವರ್ಷಗಳಲ್ಲಿ ದೊಡ್ಡ ಕಂಪನಿಯ ಕಾಲ ಕೆಳಗಿನ ನೆಲ ಅಲುಗಾಡಿತು.

ಆಗ 1980ರ ದಶಕದಲ್ಲಿ ದೂರದರ್ಶನದಲ್ಲಿ ಲಲಿತಾಜಿ ಬಂದಳು. ಇಲ್ಲಿ ಕುಳಿತ ಹಿರಿಯರು ನೋಡಿರುತ್ತೀರಿ. ಹತ್ತಿಯ ಸೀರೆ, ಹಣೆಯಲ್ಲಿ ಕುಂಕುಮ, ಗಟ್ಟಿ ದನಿ, ತರಕಾರಿಯವನ ಹತ್ತಿರ ಚೌಕಾಶಿ ಮಾಡುವ ಮನೆಯೊಡತಿ. ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ವ್ಯತ್ಯಾಸವಿದೆ ಎಂದು ಅವಳು ಹೇಳುತ್ತಿದ್ದಳು. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎನ್ನುತ್ತಿದ್ದಳು. ಸರ್ಫ್ ಕೊಳ್ಳುವುದೇ ಜಾಣತನ ಎಂದು ಮುಗಿಸುತ್ತಿದ್ದಳು.

ಈಗ ನಾಲ್ಕನೆಯ ಇಯತ್ತೆಯ ಲೆಕ್ಕ ಮಾಡೋಣ. ಲಲಿತಾಜಿಯ ಮಾತನ್ನು ಪೂರ್ತಿ ಒಪ್ಪಿಬಿಡೋಣ. ಅರ್ಧ ಕಿಲೋ ಸರ್ಫಿಗೆ ಒಂದು ಕಿಲೋ ಅಗ್ಗದ ಪುಡಿ ಸಮ. ಅಗ್ಗದ ಪುಡಿ ಕಿಲೋಗೆ ಒಂದು ಪಾಲು ಬೆಲೆ, ಸರ್ಫ್ ಮೂರು ಪಾಲು ಎಂದಿಟ್ಟುಕೊಳ್ಳಿ. ಅರ್ಧ ಕಿಲೋ ಸರ್ಫಿಗೆ ಎಷ್ಟಾಯಿತು? ಒಂದೂವರೆ ಪಾಲು. ಒಂದು ಕಿಲೋ ಅಗ್ಗದ ಪುಡಿಗೆ? ಒಂದು ಪಾಲು. ಅವಳ ಮಾತನ್ನೇ ಒಪ್ಪಿದರೂ ಅಷ್ಟೇ ಬಟ್ಟೆ ಒಗೆಯಲು ಅರ್ಧ ಪಾಲು ಹೆಚ್ಚಿಗೆ ಕೊಟ್ಟಂತಾಯಿತು! ಜಾಹೀರಾತಿನೊಳಗೇ ಅದನ್ನು ಸೋಲಿಸುವ ಲೆಕ್ಕವಿತ್ತು. ಮಾಡಿದವರು ಕಡಮೆ. ಏಕೆಂದರೆ, “ನನ್ನ ತಿಂಗಳ ಖರ್ಚೆಷ್ಟು?” ಎಂಬ ಪ್ರಶ್ನೆ ಅಷ್ಟರಲ್ಲಿ, “ನಾನು ಜಾಣೆಯೋ ಅಲ್ಲವೋ?” ಎಂಬ ಪ್ರಶ್ನೆಯಾಗಿ ಹೋಗಿತ್ತು. ಹಣದ ಮಾತನ್ನು ಮಾನದ ಮಾತಾಗಿ ಮಾಡಿದ ಮೇಲೆ ಯಾರು ಲೆಕ್ಕ ಹಾಕುತ್ತಾರೆ?

ಸರ್ಫಿನ ಪರವಾಗಿಯೂ ಹೇಳಬೇಕಾದದ್ದಿದೆ. ಅಗ್ಗದ ಪುಡಿ ಕೈಗೂ ಬಟ್ಟೆಗೂ ಒರಟು ಎಂಬ ದೂರು ಇತ್ತು. ಒಬ್ಬಳು ಕೈಯ ಚರ್ಮ ಉಳಿಸಿಕೊಳ್ಳಲು ಹೆಚ್ಚು ಹಣ ಕೊಟ್ಟರೆ ಅದು ಅವಳ ಲೆಕ್ಕ, ಅದರಲ್ಲಿ ತಪ್ಪಿಲ್ಲ. ನಿರ್ಮಾದವರೂ ವಾದ ಮಾಡಲಿಲ್ಲ. ಬಿಳಿ ಲಂಗ ತೊಟ್ಟ ಹುಡುಗಿಯನ್ನು ಕುಣಿಸಿ ಒಂದೇ ಹಾಡನ್ನು ಕಿವಿ ತುಂಬುವವರೆಗೆ ಹಾಡಿದರು. ಆದರೆ ಕೊನೆಗೆ ನಡೆದದ್ದನ್ನು ಗಮನಿಸಿ. ಅಗ್ಗದ್ದು ಬೇರೆ, ಒಳ್ಳೆಯದು ಬೇರೆ ಎಂದು ಹೇಳಿಸಿದ ಅದೇ ಕಂಪನಿ 1980ರ ದಶಕದಲ್ಲೇ ವ್ಹೀಲ್ ಎಂಬ ಅಗ್ಗದ ಪುಡಿಯನ್ನು ಮಾರುಕಟ್ಟೆಗೆ ತಂದಿತು. ಬಡವರ ಲೆಕ್ಕ ಸರಿಯಿತ್ತೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ಬಿಳಿ ಕೋಟು

ನಂಬಿಕಸ್ಥನ ಮಾತನ್ನು ಪ್ರಮಾಣವೆಂದು ಒಪ್ಪಬಹುದು ಎಂದು ನಮ್ಮ ಹಳೆಯ ನ್ಯಾಯಶಾಸ್ತ್ರದವರು ಹೇಳಿದ್ದಾರೆ; ಅದನ್ನು ಆಪ್ತವಾಕ್ಯ ಎನ್ನುತ್ತಾರೆ. ಎಲ್ಲವನ್ನೂ ನಾವೇ ಪರೀಕ್ಷಿಸಲಾಗದು. ಡಾಕ್ಟರು ಹೇಳಿದ ಔಷಧಿ ಕುಡಿಯುತ್ತೇವೆ, ಕುಡಿಯಲೂಬೇಕು. ಜಾಹೀರಾತಿನವರಿಗೂ ಇದು ಗೊತ್ತು. ಅವರು ಆಪ್ತನನ್ನು ಕರೆತರುವುದಿಲ್ಲ, ಆಪ್ತನ ಅಂಗಿಯನ್ನು ತರುತ್ತಾರೆ.

1946ರಲ್ಲಿ ಅಮೆರಿಕದಲ್ಲಿ ಕ್ಯಾಮಲ್ ಸಿಗರೇಟಿನವರು ಬಿಳಿ ಕೋಟಿನ ವೈದ್ಯನ ಚಿತ್ರ ಹಾಕಿ, ಉಳಿದ ಯಾವ ಸಿಗರೇಟಿಗಿಂತಲೂ ವೈದ್ಯರಲ್ಲಿ ಹೆಚ್ಚಿನವರು ಸೇದುವುದು ನಮ್ಮದನ್ನೇ ಎಂದು ಸಾರಿದರು. ವೈದ್ಯರನ್ನು ಕೇಳಿಯೇ ಹೇಳುತ್ತಿದ್ದೇವೆ ಎಂದರು. ವೈದ್ಯರ ಸಮ್ಮೇಳನಗಳಲ್ಲಿ ಪುಕ್ಕಟೆ ಸಿಗರೇಟು ಹಂಚಿ, ಬಳಿಕ ನೀವು ಸೇದುವುದು ಯಾವುದು ಎಂದು ಕೇಳುತ್ತಿದ್ದರೆಂಬುದು ಆಮೇಲೆ ಇತಿಹಾಸಕಾರರ ಬರಹಗಳಿಂದ ಹೊರಬಂತು. ಅದನ್ನೂ ಬಿಡೋಣ, ಮಾತು ನಿಜವೇ ಎನ್ನೋಣ. ಸೇದುವ ವೈದ್ಯರು ಯಾವ ಮಾರ್ಕು ಸೇದುತ್ತಾರೆ ಎಂಬುದು ಒಂದು ಪ್ರಶ್ನೆ. ಸೇದಿದರೆ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರವೇ ಇಲ್ಲ. ಉತ್ತರ ಸಿಕ್ಕಿತೆಂಬ ಸಮಾಧಾನ ಮಾತ್ರ ಓದುಗನಿಗೆ ಉಳಿಯಿತು.

ಇದಕ್ಕಿಂತ ಕ್ರೂರವಾದದ್ದು ಮಕ್ಕಳ ಹಾಲಿನ ಪುಡಿಯ ಕಥೆ. ಬಡ ದೇಶಗಳ ಹೆರಿಗೆ ಆಸ್ಪತ್ರೆಗಳಲ್ಲಿ ಕಂಪನಿಗಳ ಮಾರಾಟದ ಹೆಂಗಸರು ದಾದಿಯರಂತೆ ಬಿಳಿ ಉಡುಪು ತೊಟ್ಟು ಬಾಣಂತಿಯರ ಬಳಿ ಹೋಗುತ್ತಿದ್ದರು. ಪುಡಿಯ ಡಬ್ಬಿ ಪುಕ್ಕಟೆ. ಡಬ್ಬಿ ಮುಗಿಯುವ ಹೊತ್ತಿಗೆ ತಾಯಿಯ ಎದೆಹಾಲು ಬತ್ತಿರುತ್ತಿತ್ತು. ಆಮೇಲೆ ಕೊಳ್ಳಲೇಬೇಕು. ಕೊಳ್ಳಲು ಹಣ ಸಾಲದೆ ಪುಡಿಗೆ ನೀರು ಹೆಚ್ಚು. ಆ ನೀರೂ ಶುದ್ಧವಲ್ಲ. ಮಕ್ಕಳು ಭೇದಿಯಾಗಿ ಸೊರಗಿ ಸತ್ತರು. 1974ರಲ್ಲಿ ಇಂಗ್ಲೆಂಡಿನ ಒಂದು ಸೇವಾಸಂಸ್ಥೆ ಇದನ್ನು ಕಿರುಹೊತ್ತಗೆಯಾಗಿ ಬಯಲಿಗಿಟ್ಟಿತು. 1977ರಲ್ಲಿ ಅಮೆರಿಕದಲ್ಲಿ ಜನರು ನೆಸ್ಲೆ ಕಂಪನಿಯ ಮಾಲಿಗೆ ಬಹಿಷ್ಕಾರ ಹಾಕಿದರು. 1981ರಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ 118 ದೇಶಗಳು ಈ ಮಾರಾಟಕ್ಕೆ ಕಟ್ಟುಪಾಡು ಬೇಕೆಂದು ಮತ ಹಾಕಿದವು. ವಿರೋಧವಾಗಿ ಮತ ಹಾಕಿದ್ದು ಒಂದೇ ದೇಶ, ಅಮೆರಿಕ. ನಮ್ಮ ದೇಶದಲ್ಲಿ 1992ರ ಕಾನೂನು ಎದೆಹಾಲಿನ ಬದಲಿಗೆ ಕೊಡುವ ಪುಡಿಯ ಜಾಹೀರಾತನ್ನೇ ನಿಷೇಧಿಸಿತು. ತಾಯಿಗೆ ಹಾಲಿಲ್ಲದಾಗ, ಕಾಯಿಲೆಯಾದಾಗ ಪುಡಿ ಬೇಕಾಗುತ್ತದೆ, ನಿಜ. ಆಗ ಹೇಳಬೇಕಾದವರು ವೈದ್ಯರು. ದಾದಿಯ ಉಡುಪು ತೊಟ್ಟ ಮಾರಾಟಗಾರಳಲ್ಲ.

ಪುಕ್ಕಟೆ ಎಂಬುದನ್ನು ನಾಲ್ಕು ಸಲ ಕೇಳಿದಿರಿ: ಬೋರ್ಡು ಪುಕ್ಕಟೆ, ಚಹ ಪುಕ್ಕಟೆ, ಸಿಗರೇಟು ಪುಕ್ಕಟೆ, ಹಾಲಿನ ಪುಡಿ ಪುಕ್ಕಟೆ. ನೆನಪಿನಲ್ಲಿರಲಿ.

ವಿತಂಡವಾದ

ಇನ್ನೊಂದು ಉಪಾಯವಿದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ನ್ಯಾಯಶಾಸ್ತ್ರದವರು ಚರ್ಚೆಯಲ್ಲಿ ಮೂರು ಬಗೆ ಮಾಡಿದರು. ಸತ್ಯ ತಿಳಿಯಲು ಮಾಡುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಕೆಡಹುವುದಷ್ಟೇ ಕೆಲಸವಾದದ್ದು ವಿತಂಡ. ವಿತಂಡವಾದಿ ಎಂದು ನಾವು ಬೈಯುವುದು ಅಲ್ಲಿಂದ ಬಂತು.

ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಹಳ ಹೆಚ್ಚು ಎಂದು 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು ತೋರಿಸಿದರು. ಅಮೆರಿಕದಲ್ಲೂ ಅದೇ ವರ್ಷ ಅಂಥದೇ ಫಲಿತಾಂಶ ಬಂತು. ಇದನ್ನು ಸುಳ್ಳೆಂದು ತೋರಿಸುವ ಪುರಾವೆ ಕಂಪನಿಗಳ ಬಳಿ ಇರಲಿಲ್ಲ. ಅವರೇನು ಮಾಡಿದರು? 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪುಟತುಂಬ ಪ್ರಕಟಣೆ ಕೊಟ್ಟರು. ಜನರ ಆರೋಗ್ಯ ನಮಗೆ ಮುಖ್ಯ, ವಿಷಯ ಇನ್ನೂ ಖಚಿತವಾಗಿಲ್ಲ, ಸಂಶೋಧನೆಗೆ ನಾವೇ ಸಹಾಯ ಮಾಡುತ್ತೇವೆ ಎಂದರು. ಎಷ್ಟು ವಿನಯ! ಸಿಗರೇಟು ಒಳ್ಳೆಯದೆಂದು ಹೇಳುವ ಗೋಜಿಗೇ ಹೋಗಲಿಲ್ಲ. “ಸೇದುವುದನ್ನು ಬಿಡಲು ಇಷ್ಟು ಸಾಕ್ಷ್ಯ ಸಾಕೆ?” ಎಂಬುದು ಜನರ ಪ್ರಶ್ನೆಯಾಗಬೇಕಿತ್ತು. ಅದನ್ನು, “ಎಲ್ಲವೂ ಪೂರ್ತಿ ಖಚಿತವಾಗಿದೆಯೆ?” ಎಂದು ತಿರುಗಿಸಿದರು. ಪೂರ್ತಿ ಖಚಿತ ಎಂಬುದು ಯಾವ ವಿಷಯದಲ್ಲಿ ಬೇಗ ಸಿಗುತ್ತದೆ? ಹೊಗೆ ಕಂಡಾಗ ನೀರು ತರುತ್ತೇವೆ, ಬೆಂಕಿಯ ಸರ್ಟಿಫಿಕೇಟು ಕೇಳುತ್ತ ಕೂರುವುದಿಲ್ಲ. 1969ರಲ್ಲಿ ಒಂದು ತಂಬಾಕು ಕಂಪನಿಯೊಳಗೆ ಓಡಾಡಿದ ಕಾಗದದಲ್ಲಿ, ಸಂಶಯವೇ ನಮ್ಮ ಸರಕು ಎಂಬ ಅರ್ಥದ ಮಾತಿತ್ತು. 2006ರಲ್ಲಿ ಅಮೆರಿಕದ ನ್ಯಾಯಾಲಯ, ಈ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪು ಕೊಟ್ಟಿತು. 1954ರಿಂದ 2006, ಐವತ್ತೆರಡು ವರ್ಷ. ಸಂಶಯ ಮಾರಿ ಅಷ್ಟು ಕಾಲ ಕೊಂಡರು.

ನಮ್ಮಲ್ಲಿ 2003ರ ಕಾನೂನು ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. ಆದರೂ ಏಲಕ್ಕಿಯ ಪೊಟ್ಟಣ ಹಿಡಿದು ಸಿನಿಮಾ ನಟರು ನಗುವುದನ್ನು ನೀವು ನೋಡಿದ್ದೀರಿ. ಹೆಸರು ಅದೇ, ಬಣ್ಣ ಅದೇ. ಯಾವುದನ್ನು ನೆನಪಿಸುತ್ತಿದ್ದಾರೆಂದು ನಾನು ಹೇಳಬೇಕಾಗಿಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. ಗೋಡೆಯ ಮೇಲಿನ ಚಿತ್ರವನ್ನು ಹತ್ತು ಜನ ಒಟ್ಟಿಗೆ ನೋಡುತ್ತಿದ್ದರು. ಒಬ್ಬನು ನಂಬಿದರೆ ಇನ್ನೊಬ್ಬನು ಗೇಲಿ ಮಾಡುತ್ತಿದ್ದ. ಈಗ ಮೊಬೈಲಿನ ಪರದೆಯಲ್ಲಿ ಒಬ್ಬೊಬ್ಬನಿಗೂ ಬೇರೆ ಬೇರೆ ಜಾಹೀರಾತು, ಒಬ್ಬನೇ ಇರುವಾಗ, ರಾತ್ರಿ ಮಲಗುವ ಹೊತ್ತಿಗೆ. ಗೇಲಿ ಮಾಡುವ ಗೆಳೆಯ ಪಕ್ಕದಲ್ಲಿಲ್ಲ. ಆದುದರಿಂದಲೇ ಇಂಥ ಕೂಟಗಳು ಬೇಕು.

ಗೇಟಿನೊಳಗಿನ ಮಾತು

ಈಗ ಬಾಗಿಲಲ್ಲಿ ಬೋನಸ್ಸಿನ ಮಾತು ಕೇಳಿದ ಸಂಗಾತಿಗೆ ಉತ್ತರ ಕೊಡುತ್ತೇನೆ. “ಗಿರಣಿ ಒಂದು ಕುಟುಂಬ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೂಲಿ ಸಾಲುತ್ತದೆಯೆ ಎಂಬ ಪ್ರಶ್ನೆಯನ್ನು, ನೀನು ಮನೆಯ ಮಗನೋ ಮನೆಹಾಳನೋ ಎಂಬ ಪ್ರಶ್ನೆಯನ್ನಾಗಿ ಮಾಡುವುದು ಅದರ ಕೆಲಸ. ಲಲಿತಾಜಿಯ ವಿದ್ಯೆಯೇ! “ಕೂಲಿ ಹೆಚ್ಚಿದರೆ ಬಟ್ಟೆಯ ಬೆಲೆ ಏರುತ್ತದೆ, ಅಂಗಡಿಯವರೇ ನಿಮಗೆ ನಷ್ಟ” ಎಂಬುದು ಇನ್ನೊಂದು. ಇದನ್ನು ಬೈಯಬೇಡಿ, ಲೆಕ್ಕ ಹಾಕಿ. ನೂರು ರೂಪಾಯಿಯ ಬಟ್ಟೆಯಲ್ಲಿ ಕೂಲಿಯ ಪಾಲು 15 ರೂಪಾಯಿ ಎಂದು ಮಾತಿಗೆ ಇಟ್ಟುಕೊಳ್ಳಿ. ಕೂಲಿ ನೂರಕ್ಕೆ ಹತ್ತು ಏರಿದರೆ ಬಟ್ಟೆಗೆ ಹೆಚ್ಚುವುದು ಒಂದೂವರೆ ರೂಪಾಯಿ. ಪಾಲು 40 ಆಗಿದ್ದರೆ ನಾಲ್ಕು ರೂಪಾಯಿ. ನಿಜವಾದ ಪಾಲು ಎಷ್ಟು? ಪುಸ್ತಕ ತೋರಿಸಿ ಎಂದು ಕೇಳುವುದೇ ಸರಿಯಾದ ಉತ್ತರ. ಲೆಕ್ಕ ತೋರಿಸದೆ ಹೆದರಿಸುವ ಮಾತು ಜಾಹೀರಾತು. ಲೆಕ್ಕ ತೋರಿಸಿ ಹೇಳುವ ಮಾತು ವಾದ.

ಆದರೆ ಈ ಅಳತೆಗೋಲು ನಮಗೂ ಅನ್ವಯಿಸಬೇಕು. ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಗೇಟ್ ಸಭೆಯಲ್ಲಿ, ಮಾಲೀಕರ ಲಾಭ ಒಂದೇ ವರ್ಷದಲ್ಲಿ ಎರಡು ಪಟ್ಟಾಗಿದೆ ಎಂದು ಗಂಟಲೆತ್ತಿ ಹೇಳಿದೆ. ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಹಿರಿಯ ನೇಕಾರರೊಬ್ಬರು ಬಂದು, “ಮೇಷ್ಟ್ರೆ, ಎರಡು ಪಟ್ಟು ಅಂದ್ರಲ್ಲ, ಅದು ಎಲ್ಲಿ ಬರೆದೈತಿ?” ಎಂದರು. ನಾನು ಯಾರೋ ಹೇಳಿದ್ದನ್ನು ಹೇಳಿದ್ದೆ. “ಹಂಗಾದ್ರೆ ಹೇಳಬಾರದಿತ್ತು” ಎಂದು ಅವರು ಹೊರಟುಹೋದರು. ಮರುದಿನ ನೋಟೀಸು ಹಲಗೆಯ ಮೇಲೆ ನನ್ನ ಆ ಒಂದು ತಪ್ಪು ಅಂಕಿಗೆ ಉತ್ತರ ಬಂತು. ನಾವು ಸರಿಯಾಗಿ ಕೇಳಿದ್ದ ಏಳು ಬೇಡಿಕೆಗಳ ಬಗ್ಗೆ ಒಂದಕ್ಷರವೂ ಇಲ್ಲ. ಊರೆಲ್ಲ ಆ ಅಂಕಿಯ ಮಾತನ್ನೇ ಆಡಿತು. ಪ್ರಶ್ನೆ ಬದಲಾಯಿಸಲು ಬೇಕಾದ ಹಿಡಿಯನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ. ಆ ಹಬ್ಬಕ್ಕೆ ಅವರಿಗೆ ಸಿಕ್ಕ ಬೋನಸ್ಸು ಹಿಂದಿನ ವರ್ಷದಷ್ಟೇ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ನನ್ನ ನಾಲಿಗೆಯೂ ಒಂದು ಕಾರಣ.

ನಮ್ಮ ಪಕ್ಷ ಒಳ್ಳೆಯದು, ಆದುದರಿಂದ ಕೊಂಚ ಉತ್ಪ್ರೇಕ್ಷೆ ತಪ್ಪಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಪನಿಗೆ ನಾವು ಬರೀ ಗಿರಾಕಿಗಳು, ಇಂದು ಕೊಂಡರೆ ಸಾಕು. ಸಂಘಕ್ಕೆ ನಾವು ಸದಸ್ಯರು. ಮುಷ್ಕರದ ಮೂರನೆಯ ವಾರದಲ್ಲಿ, ಮನೆಯಲ್ಲಿ ಅಕ್ಕಿ ಮುಗಿದಾಗಲೂ ಮಾತನ್ನು ನಂಬಿ ನಿಲ್ಲಬೇಕಾದವರು. ಹಾಡಿನಿಂದ ಒಪ್ಪಿಸಿದವನು ಅಷ್ಟು ದಿನ ನಿಲ್ಲಲಾರ. ತಾನೇ ಲೆಕ್ಕ ಹಾಕಿ ಒಪ್ಪಿದವನು ನಿಲ್ಲುತ್ತಾನೆ.

ಆದುದರಿಂದ ಐದು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಬರೆದುಕೊಳ್ಳಲು ಬಾರದವರು ಐದು ಬೆರಳಿಗೆ ಒಂದೊಂದರಂತೆ ಎಣಿಸಿಕೊಳ್ಳಿ.

1. ಈ ಮಾತಿಗೆ ಹಣ ಕೊಟ್ಟವರು ಯಾರು?
2. ಇವರು ಉತ್ತರ ಹೇಳುತ್ತಿರುವುದು ನನ್ನ ಪ್ರಶ್ನೆಗೋ, ತಮ್ಮ ಪ್ರಶ್ನೆಗೋ?
3. ಹೇಳದೆ ಬಿಟ್ಟದ್ದು ಯಾವುದು?
4. ಇದನ್ನು ಪೂರ್ತಿ ನಿಜವೆಂದು ಒಪ್ಪಿದರೂ ಅವರು ಹೇಳುವ ತೀರ್ಮಾನ ಬರುತ್ತದೆಯೆ?
5. ನನ್ನಲ್ಲಿ ಏನನ್ನು ಕೆಣಕಿದರು? ಭಯವನ್ನೋ, ನಾಚಿಕೆಯನ್ನೋ, ಅಭಿಮಾನವನ್ನೋ?

ಮುಂದಿನ ಭಾನುವಾರ ಬರುವಾಗ ಒಬ್ಬೊಬ್ಬರೂ ಒಂದೊಂದು ಜಾಹೀರಾತು ತನ್ನಿ. ಪೊಟ್ಟಣವಾಗಲಿ, ಪತ್ರಿಕೆಯ ತುಂಡಾಗಲಿ, ಮೊಬೈಲಿನಲ್ಲಿ ಬಂದದ್ದಾಗಲಿ. ಅಂಗಡಿಯವರು ಒಂದೇ ಬಗೆಯ ಎರಡು ಪುಡಿಗಳ ಬೆಲೆ ಮತ್ತು ತೂಕ ಬರೆದು ತಂದರೆ ಇನ್ನೂ ಒಳ್ಳೆಯದು. ಎಲ್ಲರೂ ಸೇರಿ ಲೆಕ್ಕ ಹಾಕೋಣ. ಅದರ ಜೊತೆಗೆ ನಮ್ಮ ಸಂಘದ ಕರಪತ್ರವೊಂದನ್ನೂ ತನ್ನಿ. ಅದನ್ನೂ ಐದು ಬೆರಳಿಗೆ ಹಚ್ಚಿ ನೋಡೋಣ. ಎಲ್ಲಿ ನಿಲ್ಲುವುದಿಲ್ಲವೋ ಅಲ್ಲಿ ತಿದ್ದೋಣ.

ಈ ಹೊತ್ತು ನಾನು ಹೇಳಿದ್ದರಲ್ಲೂ ಯಾವುದಾದರೂ ನಿಮಗೆ ಸರಿ ಕಾಣದಿದ್ದರೆ ಈಗಲೇ ಎದ್ದು ಕೇಳಿ. ಚಪ್ಪಾಳೆ ಆಮೇಲೆ ನೋಡೋಣ.